ನೀರಾ ಲೋಟದಲ್ಲಿ ವಿಟಮಿನ್ ಹುಡುಕಿದವರು: ಡಾ. ಕಮಲಾ ಸೊಹೊನಿ



ಬೆಂಗಳೂರಿನ ಮಲ್ಲೇಶ್ವರಂ, ಯಶವಂತಪುರದ ಕಡೆ ಓಡಾಡಿದವರಿಗೆ ಟಾಟಾ ಇನ್‌ಸ್ಟಿಟ್ಯೂಟ್ ಗೊತ್ತೇ ಇರುತ್ತದೆ. ಹೊರಗಿನವರು ಐಐಎಸ್‌ಸಿ ಅಂತಾರೆ, ಹಳೇ ಬೆಂಗಳೂರಿನವರಿಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ. ನಮ್ಮಲ್ಲಿ ಎಷ್ಟೋ ಜನ ಅಲ್ಲಿ ಸೀಟು ಸಿಗಲಿ ಅಂತ ಕನಸು ಕಂಡವರು. 1933ರಲ್ಲಿ ಅದೇ ಸಂಸ್ಥೆಗೆ ಅರ್ಜಿ ಹಾಕಿದ ಒಬ್ಬ ಹುಡುಗಿಗೆ ಸೀಟು ಸಿಗಲಿಲ್ಲ. ಅಂಕ ಕಡಿಮೆ ಇದ್ದವು ಅಂತಲ್ಲ, ಅವಳು ಹುಡುಗಿ ಅನ್ನೋ ಒಂದೇ ಕಾರಣಕ್ಕೆ. ಆಕೆ ಅಷ್ಟಕ್ಕೆ ಮನೆಗೆ ಹೋಗಲಿಲ್ಲ. ಮುಂದೆ ನಮ್ಮ ದೇಶದ ಬಡವರ ಊಟದಲ್ಲಿ ಏನಿದೆ, ಏನಿಲ್ಲ ಎಂದು ಹುಡುಕುವುದನ್ನೇ ಜೀವನದ ಕೆಲಸ ಮಾಡಿಕೊಂಡರು.

ಅವರೇ ಡಾ. ಕಮಲಾ ಸೊಹೊನಿ. ತವರಿನ ಹೆಸರು ಕಮಲಾ ಭಾಗವತ್. ಈ ಸಲದ ಸಂಚಿಕೆಯಲ್ಲಿ ಅವರ ಬದುಕಿನ ಜೊತೆಗೆ, ಅವರ ಕೆಲಸದಲ್ಲಿ ಮತ್ತೆ ಮತ್ತೆ ಬರುವ ವಿಟಮಿನ್ ಎ ಬಗ್ಗೆಯೂ ಸ್ವಲ್ಪ ತಿಳಿದುಕೊಳ್ಳೋಣ. ದುಬೈ, ಅಬುಧಾಬಿಯ ಹಾಸ್ಟೆಲ್‌ಗಳಲ್ಲಿ, ಶೇರಿಂಗ್ ರೂಮುಗಳಲ್ಲಿ ನಮ್ಮ ಅಡುಗೆ ನಾವೇ ಮಾಡಿಕೊಳ್ಳುವವರಿಗೆ ಇದು ಬೇಕಾದ ವಿಷಯವೇ.

ರಸಾಯನ ಶಾಸ್ತ್ರದ ಮನೆ

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಓದಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ. ಮನೆಯಲ್ಲಿ ಮಾತು ಅಂದರೆ ಪ್ರಯೋಗಾಲಯದ ಮಾತು. ಹಾಗಾಗಿ ಮಗಳಿಗೂ ಅದೇ ದಾರಿ ಸಹಜವಾಗಿ ಕಂಡಿತು. ಬಾಂಬೆ ವಿಶ್ವವಿದ್ಯಾಲಯದಿಂದ ರಸಾಯನ ಶಾಸ್ತ್ರ ಮತ್ತು ಭೌತಶಾಸ್ತ್ರದಲ್ಲಿ 1933ರಲ್ಲಿ ಬಿ.ಎಸ್‌ಸಿ. ಮುಗಿಸಿದರು, ಅದೂ ಎಲ್ಲರಿಗಿಂತ ಮುಂದೆ ನಿಂತು. ತಂದೆ, ಚಿಕ್ಕಪ್ಪ ಓದಿದ ಸಂಸ್ಥೆಗೇ ತಾನೂ ಹೋಗುವುದು ಅಂತ ಬೆಂಗಳೂರಿಗೆ ಅರ್ಜಿ ಕಳಿಸಿದರು.

ಬಾಗಿಲಲ್ಲಿ ನಿಂತ ಹುಡುಗಿ

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದವರು, ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು, ಇಡೀ ದೇಶವೇ ಹೆಮ್ಮೆ ಪಡುತ್ತಿದ್ದ ಹೆಸರು. ಸಂಶೋಧನೆಗೆ ಹೆಣ್ಣುಮಕ್ಕಳು ತಕ್ಕವರಲ್ಲ ಅನ್ನೋದು ಅವರ ಅಭಿಪ್ರಾಯವಾಗಿತ್ತು. ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು.

ಕಮಲಾ ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಅದು ಗಾಂಧೀಜಿಯ ಕಾಲ. ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು ಎಂದು ಅವರ ಬದುಕಿನ ಬಗ್ಗೆ ಬರೆದವರು ಹೇಳುತ್ತಾರೆ. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ಒಂದು ವರ್ಷ ಪರೀಕ್ಷಾರ್ಥ, ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ. ಕೆಲಸದ ಗುಣಮಟ್ಟ ತಮಗೆ ಒಪ್ಪಿಗೆಯಾಗುವ ತನಕ ಅದಕ್ಕೆ ಮಾನ್ಯತೆ ಇಲ್ಲ. ಲ್ಯಾಬಿನಲ್ಲಿರುವ ಗಂಡಸರ ಗಮನ ಕೆಡಬಾರದು. ಇವತ್ತು ಓದಿದರೆ ಸಿಟ್ಟು ಬರುತ್ತದೆ ಅಲ್ವಾ? ಕಮಲಾ ಅವರಿಗೂ ಬಂದಿತ್ತು. ಆದರೂ ಒಪ್ಪಿಕೊಂಡು ಒಳಗೆ ಹೋದರು.

ಅಲ್ಲಿ ಅವರಿಗೆ ಸಿಕ್ಕ ಗುರು ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಆದರೆ ಕಲಿಸುವುದರಲ್ಲಿ ಭೇದ ಮಾಡಲಿಲ್ಲ. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕಮಲಾ ಕೆಲಸ ಶುರು ಮಾಡಿದರು. ಗಮನಿಸಿ, ಇಪ್ಪತ್ತೆರಡರ ವಯಸ್ಸಿನಲ್ಲಿ ಆರಿಸಿಕೊಂಡ ವಿಷಯವೇ ಊಟದ ತಟ್ಟೆಯದು. ಒಂದು ವರ್ಷ ಆದ ಮೇಲೆ ರಾಮನ್ ಕೆಲಸ ನೋಡಿ ಒಪ್ಪಿದರು. 1936ರಲ್ಲಿ ಡಿಸ್ಟಿಂಕ್ಷನ್‌ನೊಂದಿಗೆ ಎಂ.ಎಸ್‌ಸಿ. ಬಂತು. ಅದಕ್ಕಿಂತ ದೊಡ್ಡ ಸಂಗತಿ, ಅವರ ನಂತರ ಬೇರೆ ಹೆಣ್ಣುಮಕ್ಕಳಿಗೂ ಆ ಸಂಸ್ಥೆಯಲ್ಲಿ ದಾರಿಯಾಯಿತು.

ಆದರೆ ಆ ಅವಮಾನವನ್ನು ಅವರು ಮರೆಯಲಿಲ್ಲ. ಇಳಿವಯಸ್ಸಿನಲ್ಲೂ, ರಾಮನ್ ದೊಡ್ಡ ವಿಜ್ಞಾನಿ ಹೌದು, ಆದರೆ ಈ ವಿಷಯದಲ್ಲಿ ಅವರ ಮನಸ್ಸು ಚಿಕ್ಕದಾಗಿತ್ತು ಅನ್ನುವ ಅರ್ಥದಲ್ಲಿ ಸಭೆಯಲ್ಲೇ ಹೇಳಿದ್ದಾರೆ. ದೊಡ್ಡವರ ಬಗ್ಗೆ ಗೌರವ ಬೇರೆ, ಅವರ ತಪ್ಪನ್ನು ತಪ್ಪು ಅನ್ನೋದು ಬೇರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು ಅನ್ನೋದಕ್ಕೆ ಇದೊಂದು ಉದಾಹರಣೆ.

ಹಾಪ್ಕಿನ್ಸ್ ಮತ್ತು ಒಂದು ಚಮಚ ಹಾಲು

1937ರ ಕೊನೆಗೆ ಕಮಲಾ ಕೇಂಬ್ರಿಡ್ಜ್‌ನ ನ್ಯೂನ್‌ಹ್ಯಾಮ್ ಕಾಲೇಜು ಸೇರಿದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್. ವಿಟಮಿನ್ ಕಥೆಯಲ್ಲಿ ಈ ಹೆಸರು ಬಹಳ ಮುಖ್ಯ.

1912ರಲ್ಲಿ ಹಾಪ್ಕಿನ್ಸ್ ಒಂದು ಸರಳ ಪ್ರಯೋಗದ ವಿವರ ಪ್ರಕಟಿಸಿದ್ದರು. ಇಲಿಮರಿಗಳಿಗೆ ಶುದ್ಧ ಮಾಡಿದ ಪ್ರೋಟೀನ್, ಪಿಷ್ಟ, ಸಕ್ಕರೆ, ಕೊಬ್ಬು, ಲವಣ ಎಲ್ಲವನ್ನೂ ಲೆಕ್ಕ ಹಾಕಿ ಕೊಟ್ಟರು. ಹೊಟ್ಟೆ ತುಂಬುತ್ತಿತ್ತು, ಆದರೆ ಬೆಳವಣಿಗೆ ನಿಂತುಹೋಯಿತು. ಅದೇ ಆಹಾರದ ಜೊತೆ ದಿನಕ್ಕೆ ಎರಡು ಮೂರು ಎಂ.ಎಲ್. ಹಾಲು ಕೊಟ್ಟರೆ ಮರಿಗಳು ಚೆನ್ನಾಗಿ ಬೆಳೆದವು. ಅಷ್ಟು ಚೂರು ಹಾಲಿನಲ್ಲಿ ಶಕ್ತಿ ಎಷ್ಟಿರುತ್ತದೆ? ಏನೂ ಇಲ್ಲ. ಅಂದರೆ ಹಾಲಿನಲ್ಲಿ ಇನ್ನೇನೋ ಇದೆ, ಬಹಳ ಕಡಿಮೆ ಪ್ರಮಾಣದಲ್ಲಿ ಸಾಕಾಗುವಂಥದ್ದು ಇದೆ ಅಂತಾಯಿತು. ಮರುವರ್ಷವೇ, 1913ರಲ್ಲಿ, ಅಮೆರಿಕದಲ್ಲಿ ಮೆಕಾಲಂ ಮತ್ತು ಮಾರ್ಗರೆಟ್ ಡೇವಿಸ್ ಅವರು ಬೆಣ್ಣೆಯಲ್ಲಿ ಮತ್ತು ಮೊಟ್ಟೆಯ ಹಳದಿಯಲ್ಲಿ ಕೊಬ್ಬಿನಲ್ಲಿ ಕರಗುವ ಅಂಥ ಒಂದು ವಸ್ತುವನ್ನು ಗುರುತಿಸಿದರು. ನಾವು ಇವತ್ತು ವಿಟಮಿನ್ ಎ ಅನ್ನೋದು ಅದನ್ನೇ. ವಿಟಮಿನ್‌ಗಳ ಕೆಲಸಕ್ಕಾಗಿ 1929ರಲ್ಲಿ ಹಾಪ್ಕಿನ್ಸ್ ಅವರಿಗೆ ನೊಬೆಲ್ ಬಂತು.

ಇಂಥ ಜಾಗದಲ್ಲಿ ಕಮಲಾ ಕೆಲಸ ಮಾಡಿದರು. ರಾಬಿನ್ ಹಿಲ್ ಅವರ ಜೊತೆ ಆಲೂಗಡ್ಡೆಯ ಅಂಗಾಂಶದ ಮೇಲೆ ಪ್ರಯೋಗ ಮಾಡುತ್ತಾ, ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆ ಎಂದು ತೋರಿಸಿದರು. ಹದಿನಾಲ್ಕು ತಿಂಗಳಲ್ಲಿ ಕೆಲಸ ಮುಗಿಯಿತು. ಪ್ರಬಂಧ ಬರೀ ನಲವತ್ತು ಪುಟ. ನಮ್ಮ ಥೀಸಿಸ್ ಪುಟಗಳನ್ನು ಲೆಕ್ಕ ಹಾಕುತ್ತಾ ಕೂರುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. 1939ರಲ್ಲಿ ಪಿಎಚ್.ಡಿ. ಬಂತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರಿಗೆ ಅಮೆರಿಕದ ಮಿಶಿಗನ್‌ನಿಂದ 1931ರಲ್ಲೇ ಡಿ.ಎಸ್‌ಸಿ. ಬಂದಿತ್ತು. ಬ್ರಿಟನ್ನಿನಿಂದ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಹೆಸರಾದವರು ಕಮಲಾ.

ಕೂನೂರು, ಕಣ್ಣು ಮತ್ತು ವಿಟಮಿನ್ ಎ

ಕೇಂಬ್ರಿಡ್ಜ್‌ನಲ್ಲೇ ಉಳಿಯಬಹುದಿತ್ತು. ಆದರೆ 1939ರಲ್ಲೇ ಅವರು ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾಗಿದ್ದು, ಆಮೇಲೆ ಕೂನೂರಿನ ಪೋಷಣಾ ಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಬಂದರು. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಊಟಿ ಹತ್ತಿದರೆ ಅಲ್ಲೇ ಪಕ್ಕದಲ್ಲಿರುವ ಊರು ಕೂನೂರು. ಮುಂದೆ 1958ರಲ್ಲಿ ಆ ಸಂಸ್ಥೆ ಹೈದರಾಬಾದಿಗೆ ಹೋಯಿತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಕೂನೂರಿನಲ್ಲಿ ಕಮಲಾ ಅವರು ವಿಟಮಿನ್‌ಗಳ ಪರಿಣಾಮದ ಮೇಲೆ ಕೆಲಸ ಮಾಡಿದರು.

ಆ ಕಾಲದ ದಕ್ಷಿಣ ಭಾರತದಲ್ಲಿ ವಿಟಮಿನ್ ಕೊರತೆ ಅಂದರೆ ಪುಸ್ತಕದ ಮಾತಲ್ಲ. ಸಂಜೆಯಾದರೆ ಕಣ್ಣು ಕಾಣದೆ ಗೋಡೆ ಹಿಡಿದುಕೊಂಡು ನಡೆಯುವ ಮಕ್ಕಳು ಹಳ್ಳಿಗಳಲ್ಲಿ ಇದ್ದರು. ಇರುಳುಗುರುಡು ಅಂತ ನಾವು ಕರೆಯುವುದು ಇದನ್ನೇ. ಕಾರಣ ಸರಳ. ನಮ್ಮ ಕಣ್ಣಿನ ರೆಟಿನಾದಲ್ಲಿ ಮಂದ ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಎಂಬ ವಸ್ತು ಇದೆ. ಅದು ತಯಾರಾಗುವುದು ವಿಟಮಿನ್ ಎ ಯಿಂದ. ವಿಟಮಿನ್ ಇಲ್ಲದಿದ್ದರೆ ಕತ್ತಲಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ. ಕೊರತೆ ಹೆಚ್ಚಾದರೆ ಕಣ್ಣು ಒಣಗುತ್ತದೆ, ಬಿಳಿ ಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ ಕಾಣಿಸುತ್ತದೆ, ಕೊನೆಗೆ ಕಾರ್ನಿಯಾ ಮೆತ್ತಗಾಗಿ ಹುಣ್ಣಾಗಿ ದೃಷ್ಟಿಯೇ ಹೋಗುತ್ತದೆ. ಹಾಗೆ ಹೋದ ಕಣ್ಣು ಮತ್ತೆ ಬರುವುದಿಲ್ಲ.

ಕಣ್ಣು ಮಾತ್ರ ಅಲ್ಲ. ಚರ್ಮ, ಶ್ವಾಸನಾಳ, ಕರುಳಿನ ಒಳಪದರ ಗಟ್ಟಿಯಾಗಿರಲು, ರೋಗ ತಡೆಯುವ ಶಕ್ತಿಗೆ, ಮಕ್ಕಳ ಬೆಳವಣಿಗೆಗೆ ಎಲ್ಲಕ್ಕೂ ಇದು ಬೇಕು. ಅದಕ್ಕೇ ಕೊರತೆ ಇರುವ ಮಗುವಿಗೆ ದಡಾರ, ಭೇದಿ ಬಂದರೆ ತಡೆದುಕೊಳ್ಳುವುದು ಕಷ್ಟ. ಭಾರತ ಸರ್ಕಾರ 1970ರಿಂದ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುವ ಕಾರ್ಯಕ್ರಮ ನಡೆಸುತ್ತಿದೆ. ಒಂಬತ್ತನೇ ತಿಂಗಳಲ್ಲಿ ಮೊದಲ ಡೋಸ್, ಆಮೇಲೆ ಆರು ತಿಂಗಳಿಗೊಮ್ಮೆ, ಐದು ವರ್ಷದ ತನಕ. ಊರಲ್ಲಿ ಬೆಳೆದ ನಮ್ಮಲ್ಲಿ ಬಹಳ ಜನ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಆ ಹಳದಿ ಔಷಧಿ ಕುಡಿದವರೇ.

ಕೂನೂರಿನಲ್ಲಿ ಅರ್ಹತೆಗೆ ತಕ್ಕ ಬಡ್ತಿಯ ದಾರಿ ಕಾಣಲಿಲ್ಲ. ಕಮಲಾ ಆ ಕೆಲಸ ಬಿಟ್ಟರು. 1947ರಲ್ಲಿ ಆಕ್ಚುಯರಿ ಆಗಿದ್ದ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕಿಯಾದರು.

ಅವರೆಕಾಳಿನಿಂದ ನೀರಾಗೆ

ಮುಂಬೈಯಲ್ಲಿ ಅವರು ಮತ್ತು ಅವರ ವಿದ್ಯಾರ್ಥಿಗಳು ಬೇಳೆಕಾಳುಗಳನ್ನು ಹಿಡಿದರು. ಹಸಿ ಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣರಸದ ಕೆಲಸ ತಡೆಯುವ ವಸ್ತುಗಳಿರುತ್ತವೆ. 1955ರಲ್ಲಿ ಕಮಲಾ ಸೊಹೊನಿ ಮತ್ತು ಅವರ ಸಹ ಸಂಶೋಧಕರು ಇಂಥ ವಸ್ತುಗಳನ್ನು ಹರಳು ರೂಪದಲ್ಲಿ ಬೇರ್ಪಡಿಸಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವ ಕಾಳಿನಿಂದ ಗೊತ್ತಾ? ಒಂದು ಡಬಲ್ ಬೀನ್ಸ್, ಇನ್ನೊಂದು ನಮ್ಮ ಅವರೆ! ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು ಅನ್ನುವ ನಮ್ಮ ಅಜ್ಜಿಯರ ಮಾತಿಗೆ ಹಿಂದಿರುವ ರಸಾಯನ ಶಾಸ್ತ್ರ ಇದು.

ಅವರಿಗೆ ಹೆಚ್ಚು ಹೆಸರು ತಂದದ್ದು ನೀರಾ. ಈಚಲು, ತಾಳೆ, ತೆಂಗಿನ ಮರಗಳಿಂದ ಇಳಿಸುವ ಸಿಹಿ ರಸ ಅದು. ಸುಣ್ಣ ಬಳಿದ ಮಡಕೆಯಲ್ಲಿ ಹಿಡಿದು, ಬಿಸಿಲೇರುವ ಮೊದಲೇ ಇಳಿಸಿ ಕುಡಿದರೆ ನೀರಾ. ಹಾಗೇ ಬಿಟ್ಟರೆ ಹುಳಿಬಂದು ಸೇಂದಿ. ಅಂದಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ನೀರಾದ ಪೋಷಕಾಂಶಗಳ ಅಧ್ಯಯನಕ್ಕೆ ಇಳಿದರು. ಅದರಲ್ಲಿ ವಿಟಮಿನ್ ಎ, ವಿಟಮಿನ್ ಸಿ ಮತ್ತು ಕಬ್ಬಿಣದ ಅಂಶ ಗಮನಾರ್ಹವಾಗಿವೆ, ನೀರಾ ಕಾಯಿಸಿ ಬೆಲ್ಲ ಮಾಡಿದರೂ ಅವು ಉಳಿಯುತ್ತವೆ ಎಂದು ಅವರ ತಂಡ ವರದಿ ಮಾಡಿತು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಬುಡಕಟ್ಟು ಸಮುದಾಯದ ಹದಿಹರೆಯದ ಮಕ್ಕಳಿಗೆ, ಗರ್ಭಿಣಿಯರಿಗೆ ನೀರಾ ಕೊಟ್ಟಾಗ ಆರೋಗ್ಯ ಸುಧಾರಿಸಿದ್ದನ್ನು ದಾಖಲಿಸಿತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ನೀರಾ ಕುಡಿದರೆ ಎಲ್ಲಾ ಸರಿಹೋಗುತ್ತದೆ ಅಂತ ಇದರ ಅರ್ಥ ಅಲ್ಲ. ಇವತ್ತಿನ ಆಹಾರ ಕೋಷ್ಟಕ ನೋಡಿದರೆ ವಿಟಮಿನ್ ಎ ಗೆ ಸೊಪ್ಪು, ಗಜ್ಜರಿಗಳೇ ಬಹಳ ಮುಂದೆ. ಆದರೆ ಕಮಲಾ ಕೇಳಿದ ಪ್ರಶ್ನೆ ನೋಡಿ. ದುಬಾರಿ ಮಾತ್ರೆ, ಟಾನಿಕ್ ಕೊಳ್ಳಲಾಗದ ಮನುಷ್ಯನ ಕೈಗೆ ಈಗಾಗಲೇ ಸಿಗುತ್ತಿರುವ ಪದಾರ್ಥದಲ್ಲಿ ಏನಿದೆ? ಬೇಳೆ, ಅಕ್ಕಿ, ನೀರಾ, ಹಾಲು, ಹೀಗೆ ಅವರ ಇಡೀ ಜೀವನದ ಸಂಶೋಧನೆ ಇದೊಂದೇ ಪ್ರಶ್ನೆಯ ಸುತ್ತ ಇತ್ತು. ಮುಂಬೈಯ ಆರೇ ಹಾಲಿನ ಯೋಜನೆಗೂ ಅವರು ಗುಣಮಟ್ಟದ ವಿಷಯದಲ್ಲಿ ಸಲಹೆಗಾರರಾಗಿದ್ದರು.

ಹಾಗಾದರೆ ನಮ್ಮ ತಟ್ಟೆಯಲ್ಲಿ?

ಅದೇ ಪ್ರಶ್ನೆಯನ್ನು ನಾವು ಇಲ್ಲಿ ಕೇಳಿಕೊಳ್ಳೋಣ. ದಿನಕ್ಕೆ ಗಂಡಸರಿಗೆ ಸುಮಾರು 900 ಮೈಕ್ರೋಗ್ರಾಂ, ಹೆಂಗಸರಿಗೆ 700 ಮೈಕ್ರೋಗ್ರಾಂ ವಿಟಮಿನ್ ಎ ಬೇಕು ಎನ್ನುವುದು ಸಾಮಾನ್ಯವಾಗಿ ಬಳಸುವ ಲೆಕ್ಕ. ಇದು ಎರಡು ರೂಪದಲ್ಲಿ ಸಿಗುತ್ತದೆ.

ಪ್ರಾಣಿಮೂಲದಲ್ಲಿ ನೇರವಾಗಿ ರೆಟಿನಾಲ್ ಆಗಿ ಇರುತ್ತದೆ. ಲಿವರ್, ಮೊಟ್ಟೆಯ ಹಳದಿ, ಕೆನೆಭರಿತ ಹಾಲು, ಬೆಣ್ಣೆ, ತುಪ್ಪ ಇದಕ್ಕೆ ಮೂಲ. ಒಂದು ಮೊಟ್ಟೆಯಲ್ಲಿ ಸುಮಾರು 80 ಮೈಕ್ರೋಗ್ರಾಂ. ಕೋಳಿ ಲಿವರ್‌ನಲ್ಲಿ 100 ಗ್ರಾಂಗೆ 3000ಕ್ಕೂ ಹೆಚ್ಚು. ಹಾಲಿನ ಕೊಬ್ಬು ತೆಗೆದರೆ ಅದರ ಜೊತೆ ವಿಟಮಿನ್ ಎ ಕೂಡ ಹೋಗುತ್ತದೆ. ಹಾಗಾಗಿ ಲೋ ಫ್ಯಾಟ್ ಹಾಲು ತರುವವರು ಬಾಟಲಿಯ ಲೇಬಲ್ ಓದಿ, ವಿಟಮಿನ್ ಎ ಮತ್ತೆ ಸೇರಿಸಿದ್ದಾರಾ ಅಂತ ನೋಡಿ.

ಸಸ್ಯಮೂಲದಲ್ಲಿ ಕ್ಯಾರೊಟಿನ್ ಆಗಿ ಇರುತ್ತದೆ, ದೇಹ ಅದನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಆಹಾರದ ಸುಮಾರು 12 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್‌ಗೆ 1 ಮೈಕ್ರೋಗ್ರಾಂ ವಿಟಮಿನ್ ಎ ಲೆಕ್ಕ. ಇಷ್ಟು ಕಳೆದರೂ 100 ಗ್ರಾಂ ಗಜ್ಜರಿಯಲ್ಲಿ ಸುಮಾರು 800 ಮೈಕ್ರೋಗ್ರಾಂ ಸಿಗುತ್ತದೆ. ಒಳಗೆ ಕಿತ್ತಳೆ ಬಣ್ಣ ಇರುವ ಗೆಣಸು ಕೂಡ ಹೆಚ್ಚು ಕಡಿಮೆ ಅಷ್ಟೇ. ಊರಿನ ಬಿಳಿ ಗೆಣಸಿನಲ್ಲಿ ಇಷ್ಟಿಲ್ಲ. ಪಾಲಕ್, ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ನುಗ್ಗೆ ಸೊಪ್ಪು ಎಲ್ಲವೂ ಒಳ್ಳೆಯ ಮೂಲ. ಮಾವು, ಪಪ್ಪಾಯಿ, ಸಿಹಿ ಕುಂಬಳದಲ್ಲೂ ಇದೆ.

ಖರ್ಜೂರದ ನಾಡಿನಲ್ಲಿರುವ ನಮಗೆ ಒಂದು ಮಾತು. ಖರ್ಜೂರದಲ್ಲಿ ಸಕ್ಕರೆ, ನಾರು, ಪೊಟ್ಯಾಸಿಯಂ ಚೆನ್ನಾಗಿದೆ. ಆದರೆ ವಿಟಮಿನ್ ಎ ಬಹಳ ಕಡಿಮೆ. ಅದನ್ನು ನಂಬಿ ಸೊಪ್ಪು ಬಿಡಬೇಡಿ. ಕರಕ್ ಚಹಾ, ಪರೋಟ, ಶವರ್ಮಾದಲ್ಲೇ ವಾರ ಕಳೆಯುವವರಿಗಂತೂ ಈ ಮಾತು ಹೆಚ್ಚು ಅನ್ವಯ.

ಸೊಪ್ಪು, ತರಕಾರಿಗೆ ದುಬೈಯಲ್ಲಿ ಅಲ್ ಅವೀರ್ ಮಾರುಕಟ್ಟೆ, ಅಬುಧಾಬಿಯಲ್ಲಿ ಮೀನಾ ಕಡೆಯ ಮಾರುಕಟ್ಟೆ ಇದೆ. ನಾಲ್ಕು ಜನ ಸೇರಿ ತಂದರೆ ಖರ್ಚೂ ಕಡಿಮೆ. ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಆದ್ದರಿಂದ ಸ್ವಲ್ಪ ಎಣ್ಣೆಯೋ ತುಪ್ಪವೋ ಜೊತೆಗಿದ್ದರೆ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಅಂದರೆ ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ, ಮಸ್ಸೊಪ್ಪು, ಕಾಯಿತುರಿ ಹಾಕಿದ ಗಜ್ಜರಿ ಕೋಸಂಬರಿ, ಇವೆಲ್ಲಾ ವಿಜ್ಞಾನದ ಪ್ರಕಾರವೂ ಸರಿಯಾದ ಅಡುಗೆಗಳೇ.

ಎರಡು ಎಚ್ಚರಿಕೆ. ಒಂದು, ಗಜ್ಜರಿ ತಿಂದರೆ ಕನ್ನಡಕದ ನಂಬರ್ ಇಳಿಯುವುದಿಲ್ಲ. ಕೊರತೆಯಿಂದ ಬಂದ ತೊಂದರೆಗೆ ಮಾತ್ರ ವಿಟಮಿನ್ ಎ ಪರಿಹಾರ. ಎರಡು, ಇದು ದೇಹದಿಂದ ಸುಲಭವಾಗಿ ಹೊರಹೋಗುವುದಿಲ್ಲ, ಲಿವರ್‌ನಲ್ಲಿ ಶೇಖರವಾಗುತ್ತದೆ. ದಿನಕ್ಕೆ 3000 ಮೈಕ್ರೋಗ್ರಾಂ ರೆಟಿನಾಲ್ ದಾಟಬಾರದು ಅಂತ ಮಿತಿ ಇದೆ. ಗರ್ಭಿಣಿಯರಿಗೆ ಹೆಚ್ಚಾದರೆ ಮಗುವಿಗೆ ಅಪಾಯ. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಜೊತೆಗೆ ವಿಟಮಿನ್ ಎ ಮಾತ್ರೆ ನುಂಗಬಾರದು, ಎರಡೂ ಒಂದೇ ಬಳಗದವು. ಏನೇ ಇದ್ದರೂ ವೈದ್ಯರನ್ನು ಕೇಳಿ. ಸೊಪ್ಪು, ತರಕಾರಿಯ ಕ್ಯಾರೊಟಿನ್‌ನಿಂದ ಮಾತ್ರ ಈ ಭಯವಿಲ್ಲ.

ಕೊನೆಯ ವರ್ಷಗಳು

ಇಷ್ಟೆಲ್ಲಾ ಸಾಧಿಸಿದ ಮೇಲೂ ಮುಂಬೈಯ ಅದೇ ಸಂಸ್ಥೆಯಲ್ಲಿ ಕಮಲಾ ಅವರಿಗೆ ನಿರ್ದೇಶಕಿಯ ಹುದ್ದೆ ಸಿಗಲು ವರ್ಷಗಟ್ಟಲೆ ಕಾಯಬೇಕಾಯಿತು. 1933ರಲ್ಲಿ ಬೆಂಗಳೂರಿನ ಬಾಗಿಲಲ್ಲಿ ಕಂಡದ್ದೇ ಬೇರೆ ರೂಪದಲ್ಲಿ ಮತ್ತೆ ಎದುರಾಯಿತು. ಕೊನೆಗೂ ಆ ಕುರ್ಚಿಯಲ್ಲಿ ಕೂತರು, ಕೆಲಸ ಮಾಡಿ ತೋರಿಸಿದರು.

ನಿವೃತ್ತಿಯ ಮೇಲೂ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬೈಯಲ್ಲಿ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯಲ್ಲಿ ದುಡಿದರು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಪತ್ರಿಕೆ ಕೀಮತ್‌ನಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು. ಲ್ಯಾಬಿನಲ್ಲಿ ಕಲಿತದ್ದನ್ನು ದಿನಸಿ ಅಂಗಡಿಯ ತನಕ ತಂದವರು ಅವರು.

1998ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಡಿಸಿತ್ತು. ಆ ಸಮಾರಂಭದಲ್ಲೇ ಕುಸಿದುಬಿದ್ದರು, ಸ್ವಲ್ಪದರಲ್ಲೇ ತೀರಿಕೊಂಡರು. 2023ರ ಜೂನ್ 18ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ 112ನೇ ಹುಟ್ಟುಹಬ್ಬ ನೆನೆದಾಗ ಅನೇಕರಿಗೆ ಮೊದಲ ಸಲ ಅವರ ಹೆಸರು ಗೊತ್ತಾಯಿತು.

ಇವತ್ತು ನಮ್ಮ ಸಂಘದಲ್ಲೇ ಎಂಜಿನಿಯರಿಂಗ್, ಮೆಡಿಕಲ್, ಫಾರ್ಮಸಿ ಓದುತ್ತಿರುವ ಗೆಳತಿಯರು ಎಷ್ಟು ಜನ ಇದ್ದೀರಿ! ಲ್ಯಾಬಿನೊಳಗೆ ಕಾಲಿಡಲು ನಿಮ್ಮನ್ನು ಯಾರೂ ಷರತ್ತು ಕೇಳಲಿಲ್ಲ. ಆ ದಾರಿಯನ್ನು ಸವೆಸಿದವರಲ್ಲಿ ಕಮಲಾ ಒಬ್ಬರು. ಪರೀಕ್ಷೆ, ಅಸೈನ್‌ಮೆಂಟ್ ಅಂತ ಊಟ ಬಿಟ್ಟು ಕೂರುವ ಎಲ್ಲರಿಗೂ ಅವರ ಹೆಸರಿನಲ್ಲಿ ಒಂದು ಕೋರಿಕೆ: ಈ ವಾರ ಒಂದು ಕಟ್ಟು ಸೊಪ್ಪು ತನ್ನಿ, ನಾಲ್ಕು ಜನ ಸೇರಿ ಮಸ್ಸೊಪ್ಪು ಮಾಡಿ, ಮುದ್ದೆಯೋ ಅನ್ನವೋ ಜೊತೆಗಿರಲಿ. ಆರೋಗ್ಯ ಚೆನ್ನಾಗಿ ನೋಡಿಕೊಳ್ಳಿ.